ರಾತ್ರಿ ರೀಲ್ಸ್ ನಿಲ್ಲಿಸಬೇಕೇ? ಫೋನ್‌ನಲ್ಲಿ ಹೀಗೆ ಮಾಡಿ

ಹತ್ತು ನಿಮಿಷ ನೋಡಿ ಮಲಗೋಣ ಎಂದು ಹಿಡಿದ ಫೋನ್ ಗಂಟೆ ಕಳೆದರೂ ಕೈಬಿಡುವುದಿಲ್ಲ. ಮನಸ್ಸು ಗಟ್ಟಿಯಿಲ್ಲ ಎಂದು ಸುಮ್ನೆ ಬೈದುಕೊಳ್ಳಬೇಡಿ. ಮೊದಲೆಲ್ಲ ವೆಬ್ ಪುಟ ಎಲ್ಲೋ ಒಂದು ಕಡೆ ಮುಗಿಯುತ್ತಿತ್ತು. 2006ರಲ್ಲಿ ಅಜಾ ರಾಸ್ಕಿನ್ ಎಂಬ ಡಿಸೈನರ್ ಮುಗಿಯದೇ ಉರುಳುವ ಪುಟವನ್ನು ರೂಪಿಸಿದರು. ಆಮೇಲೆ ಅದಕ್ಕೆ ಅವರೇ ಬೇಸರಪಟ್ಟುಕೊಂಡಿದ್ದಾರೆ. ಪುಟ ನಿಲ್ಲದಿದ್ದರೆ ನಾವೇ ನಿಲ್ಲಿಸುವ ಏರ್ಪಾಡು ಮಾಡಿಕೊಳ್ಳಬೇಕು, ಅಲ್ವಾ?

ಮೊದಲು ಲೆಕ್ಕ ನೋಡಿ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ‘ಡಿಜಿಟಲ್ ವೆಲ್‌ಬೀಯಿಂಗ್’, ಐಫೋನ್‌ನಲ್ಲಿ ‘ಸ್ಕ್ರೀನ್ ಟೈಮ್’ ಇದೆ. ಒಟ್ಟು ಗಂಟೆ ನೋಡಿ ಗಾಬರಿಯಾಗಬೇಡಿ. ಮ್ಯಾಪ್, ಆಫೀಸ್ ಕೆಲಸ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಯಾವ ಆ್ಯಪ್ ಜಾಸ್ತಿ ಸಮಯ ತಿನ್ನುತ್ತಿದೆ, ಯಾವ ಹೊತ್ತಿನಲ್ಲಿ ಎಂಬುದನ್ನು ಹುಡುಕಿ.

ಆ ಒಂದು ಆ್ಯಪ್‌ಗೆ ಅಲ್ಲೇ ಟೈಮರ್ ಇಡಿ. ಎಷ್ಟು ನಿಮಿಷ? ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 143 ವಿದ್ಯಾರ್ಥಿಗಳಿದ್ದರು. ಅವರಲ್ಲಿ ಒಂದು ಗುಂಪು ಮೂರು ವಾರ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್ ಒಂದೊಂದನ್ನೂ ದಿನಕ್ಕೆ 10 ನಿಮಿಷಕ್ಕೆ ಇಳಿಸಿತು. ಎಂದಿನಂತೆ ಬಳಸಿದವರಿಗಿಂತ ಇವರಲ್ಲಿ ಒಂಟಿತನ, ಖಿನ್ನತೆ ಕಡಿಮೆಯಾಯಿತು. ಪೂರ್ತಿ ಬಿಟ್ಟವರಲ್ಲ ಇವರು, ಕಡಿಮೆ ಮಾಡಿದವರು. ಟೈಮರನ್ನು ತೆಗೆದುಹಾಕುವುದು ಸುಲಭ ಎಂಬುದೂ ನಿಜ. ಹಾಗಾಗಿ ರಾತ್ರಿ ಚಾರ್ಜರ್ ಹಾಲ್‌ನಲ್ಲೇ ಇರಲಿ, ಅಲಾರಂಗೆ ಒಂದು ಗಡಿಯಾರ ತನ್ನಿ. ಈ ಲೇಖನದಲ್ಲಿ ಒಂದೇ ಒಂದನ್ನು ಪಾಲಿಸುವುದಾದರೆ ಇದನ್ನೇ ಪಾಲಿಸಿ.

ಯೂಟ್ಯೂಬ್‌ನಲ್ಲಿ ವಾಚ್ ಹಿಸ್ಟರಿ ಅಳಿಸಿ, ಆಫ್ ಮಾಡಿ. ಹೋಮ್ ಪುಟದಲ್ಲಿ ಶಿಫಾರಸುಗಳು ಬರುವುದಿಲ್ಲ. ಬೇಕಾದ್ದನ್ನು ಹುಡುಕಿ ನೋಡಬಹುದು.

ಇನ್ನು ಹೋಲಿಕೆಯ ಸಂಕಟ. ದೊಡ್ಡಪ್ಪನ ಮಗನ ಹೊಸ ಮನೆ, ಹಳೇ ಸಹೋದ್ಯೋಗಿಯ ಫಾರಿನ್ ಟ್ರಿಪ್, ಗೆಳತಿಯ ಮಗನ ರ‍್ಯಾಂಕು. ಅವರ ಮೇಲೆ ಸಿಟ್ಟೇನೂ ಇಲ್ಲ, ಆದರೂ ನೋಡಿದ ಮೇಲೆ ಮನಸ್ಸು ಮಂಕಾಗುತ್ತದೆ. ಅನ್‌ಫಾಲೋ ಮಾಡಿದರೆ ಮುಂದಿನ ಗೃಹಪ್ರವೇಶದಲ್ಲಿ ಮುಖ ನೋಡುವುದು ಕಷ್ಟ. ಇನ್‌ಸ್ಟಾಗ್ರಾಂನಲ್ಲಿ ಅವರ ಪ್ರೊಫೈಲ್‌ಗೆ ಹೋಗಿ, ‘ಫಾಲೋಯಿಂಗ್’ ಒತ್ತಿ, ಪೋಸ್ಟ್, ಸ್ಟೋರಿ ಎರಡನ್ನೂ ಮ್ಯೂಟ್ ಮಾಡಿ. ಅವರಿಗೆ ಗೊತ್ತಾಗುವುದಿಲ್ಲ, ಸಂಬಂಧವೂ ಕೆಡುವುದಿಲ್ಲ.

ವಾಟ್ಸ್ಆ್ಯಪ್‌ನ ಲೇಔಟ್ ಗ್ರೂಪ್, ಶುಭೋದಯದ ಗ್ರೂಪ್‌ಗಳನ್ನು ‘ಆಲ್ವೇಸ್’ ಆರಿಸಿ ಮ್ಯೂಟ್ ಮಾಡಿ, ಆರ್ಕೈವ್‌ಗೆ ತಳ್ಳಿ. ಮೆಸೇಜ್ ನೋಡಿಯೂ ಉತ್ತರಿಸಲಿಲ್ಲವಲ್ಲ ಎಂಬ ಕೊರಗಿದ್ದರೆ ಪ್ರೈವಸಿಯಲ್ಲಿ ‘ರೀಡ್ ರಿಸೀಟ್ಸ್’ ಆಫ್ ಮಾಡಿ, ನೀಲಿ ಟಿಕ್ ಹೋಗುತ್ತದೆ. ನಿಮಗೂ ಇತರರ ನೀಲಿ ಟಿಕ್ ಕಾಣಿಸುವುದಿಲ್ಲ. ಕೆಲವರಿಗೆ ಅದೇ ದೊಡ್ಡ ನೆಮ್ಮದಿ! ಗ್ರೂಪ್‌ಗಳಲ್ಲಿ ಮಾತ್ರ ಇದು ನಡೆಯುವುದಿಲ್ಲ.

ಮಕ್ಕಳ ಫೋನ್ ಏಕಾಏಕಿ ಕಿತ್ತುಕೊಂಡರೆ ಜಗಳವೇ ಗತಿ. ಊಟದ ಹೊತ್ತಿಗೆ ಅಪ್ಪ ಅಮ್ಮನ ಫೋನೂ ಪಕ್ಕಕ್ಕೆ ಹೋದರೆ ಮಾತು ನಡೆಯುತ್ತದೆ.

ಇಷ್ಟೆಲ್ಲ ಮಾಡಿದರೂ ವಾರಗಟ್ಟಲೆ ನಿದ್ದೆಯಿಲ್ಲ, ಓದು ಅಥವಾ ಕೆಲಸ ಹಾಳಾಗುತ್ತಿದೆ, ಯಾವುದರಲ್ಲೂ ಆಸಕ್ತಿಯಿಲ್ಲ ಎಂದರೆ ತಜ್ಞರ ಸಹಾಯ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ‘ಶಟ್’ ಕ್ಲಿನಿಕ್ ಇದೆ. ದೂರದ ಊರಿನವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416ಕ್ಕೆ ಕರೆ ಮಾಡಬಹುದು. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.