ಕಮಾರೊ ಝಡ್/28: ಹೇಳಿದ ಖರ್ಚು ಕಾರಿನಲ್ಲಿ ಇದೆಯೇ ಎಂದು ನೋಡುವ ಬಗೆ

1969ರ ಶೆವರ್ಲೆ ಕಮಾರೊ ಝಡ್/28ರ (ಕಮಾರೊ ಎಂಬ ಅಮೆರಿಕನ್ ಕಾರಿನ ಹೆಚ್ಚು ಶಕ್ತಿಯ ವಿಶೇಷ ಆವೃತ್ತಿ) ಪಕ್ಕದಲ್ಲಿ ನಿಂತ ಮಾಲೀಕರು ‘ಇದಕ್ಕೆ ಸುರಿದಿದ್ದೇ ಒಂದೂಕಾಲು ಲಕ್ಷ ಡಾಲರ್’ ಎಂದಾಗ ಆ ಒಂದು ಮಾತಿನಲ್ಲಿ ಮೂರು ಪ್ರಶ್ನೆಗಳು ಕಲಸಿಕೊಂಡಿರುತ್ತವೆ. ಇದು ನಿಜಕ್ಕೂ ಝಡ್/28 ಹೌದೇ, ಅಷ್ಟು ಹಣ ಈ ಕಾರಿಗೇ ಖರ್ಚಾಗಿದೆಯೇ, ಖರ್ಚಾಗಿದ್ದರೂ ಅದನ್ನು ಕೊಳ್ಳುವವರು ತುಂಬಿಕೊಡಬೇಕೇ? ಹೊಳೆಯುವ ಬಣ್ಣ ಮೂರಕ್ಕೂ ಒಟ್ಟಿಗೇ ‘ಹೌದು’ ಎಂದುಬಿಡುವುದರಿಂದ ಇವನ್ನು ಬಿಡಿಸಿಕೊಂಡು ಒಂದೊಂದಾಗಿ ಪರಿಶೀಲಿಸಬೇಕು.

ಆ ವರ್ಷದ ಮಾದರಿಯಲ್ಲಿ ತಯಾರಾದ ಕಮಾರೊಗಳು ಸುಮಾರು 2,43,000. ಅವುಗಳಲ್ಲಿ ಝಡ್/28 ಇಪ್ಪತ್ತು ಸಾವಿರಕ್ಕೆ ತುಸು ಹೆಚ್ಚು ಮಾತ್ರ. ಪಟ್ಟೆ, ಬ್ಯಾಡ್ಜ್, ಸ್ಪಾಯ್ಲರ್ ಎಲ್ಲವೂ ಇಂದು ಕ್ಯಾಟಲಾಗಿನಲ್ಲಿ ಹೊಸದಾಗಿ ಸಿಗುವುದರಿಂದ ಸಾಧಾರಣ ಕಮಾರೊಗೆ ಝಡ್/28ರ ವೇಷ ತೊಡಿಸುವುದು ಕಷ್ಟವಲ್ಲ. ಡ್ಯಾಶ್‌ಬೋರ್ಡಿನ ಎಡತುದಿಯಲ್ಲಿ ಗಾಜಿನ ಮೂಲಕ ಕಾಣುವ ಚಾಸಿಸ್ ಸಂಖ್ಯೆಯಿಂದ ಆರಂಭಿಸಿ. ಅದು 12437 ಎಂದು ಶುರುವಾದರೆ ಎಂಟು ಸಿಲಿಂಡರಿನ ವಿ8 ಎಂಜಿನ್ ಇರುವ ಎರಡು ಬಾಗಿಲಿನ ಕೂಪೆ ಎಂದಷ್ಟೇ ಅರ್ಥ. ಝಡ್/28 ಎಂಬುದು ಆ ಸಂಖ್ಯೆಯಲ್ಲಿ ಎಲ್ಲಿಯೂ ಬರುವುದಿಲ್ಲ. 12337 ಎಂದಿದ್ದರೆ ಕಾರು ಕಾರ್ಖಾನೆಯಿಂದ ಬಂದದ್ದೇ ಆರು ಸಿಲಿಂಡರಿನದಾಗಿ, ಮುಂದಿನ ವಾದಕ್ಕೆ ಜಾಗವಿಲ್ಲ. ಕಾರ್ಖಾನೆಯ ಎ.ಸಿ. ಅಥವಾ ಆಟೊಮ್ಯಾಟಿಕ್ ಗೇರ್ ಇದೆ ಎಂದು ಹೆಮ್ಮೆಯಿಂದ ತೋರಿಸಿದರೂ ಅಷ್ಟೇ, ಆ ವರ್ಷದ ಝಡ್/28ರಲ್ಲಿ ಇವೆರಡೂ ಇರಲಿಲ್ಲ.

ನಂತರ ಟಾರ್ಚು, ಕೈಗನ್ನಡಿ ಮತ್ತು ಒಂದು ಹಳೆಯ ಬಟ್ಟೆ ಹಿಡಿದು ಬಾನೆಟ್ಟಿನ ಕೆಳಗೆ ಬಗ್ಗಬೇಕು. ಎಂಜಿನ್ನಿನ ಬಲಬದಿಯ ಸಿಲಿಂಡರ್ ಹೆಡ್‌ನ ಮುಂತುದಿಯ ಕೆಳಗೆ, ಆಲ್ಟರ್ನೇಟರಿನ ಮರೆಯಲ್ಲಿ, ಎರಡು ಬೆರಳಗಲದ ಸಮತಟ್ಟಾದ ಜಾಗವಿದೆ. ಅಲ್ಲಿನ ಜಿಡ್ಡು ಒರೆಸಿದರೆ ‘ವಿ0115ಡಿಝಡ್’ ಎಂಬಂತಹ ಅಚ್ಚು ಕಾಣಬೇಕು: ಫ್ಲಿಂಟ್ ಕಾರ್ಖಾನೆ, ಜನವರಿ 15, ಮತ್ತು ‘ಡಿಝಡ್’ ಎಂದರೆ ಝಡ್/28ಕ್ಕೆಂದೇ ಇದ್ದ 302 ಘನ ಇಂಚಿನ ಎಂಜಿನ್. ಚಾಸಿಸ್ ಸಂಖ್ಯೆಯ ಕೊನೆಯ ಭಾಗವೂ ಅಲ್ಲಿಯೇ ಅಥವಾ ಆಯಿಲ್ ಫಿಲ್ಟರಿನ ಹತ್ತಿರ ಅಚ್ಚಾಗಿರಬೇಕು. ಬ್ಲಾಕಿನ ಹಿಂಭಾಗದಲ್ಲಿ ಎರಕ ಹೊಯ್ದ ದಿನಾಂಕವಿರುತ್ತದೆ. ‘ಎ 5 9’ ಎಂದರೆ 1969ರ ಜನವರಿ 5. ಎರಕ ಮೊದಲು, ಎಂಜಿನ್ ಜೋಡಣೆ ಆಮೇಲೆ, ಕಾರು ಕೊನೆಗೆ. ಈ ಸರದಿ ತಪ್ಪಿದ್ದರೆ ಆ ಎಂಜಿನ್ ಬೇರೆ ಎಲ್ಲಿಂದಲೋ ಬಂದದ್ದು.

ಅಕ್ಷರಗಳಿಗಿಂತ ಹೆಚ್ಚಾಗಿ ಅವುಗಳ ಹಿಂದಿನ ಲೋಹವನ್ನು ನೋಡಿ. ಕಾರ್ಖಾನೆಯ ಯಂತ್ರ ಬಿಟ್ಟ ಸಣ್ಣ ಸಮಾನಾಂತರ ಗೆರೆಗಳು ಅಲ್ಲಿ ಮುಂದಿನಿಂದ ಹಿಂದಕ್ಕೆ ಹರಿದಿರಬೇಕು. ಕನ್ನಡಿಯಂತೆ ನುಣ್ಣಗಿದ್ದರೆ ಅಥವಾ ಉಜ್ಜುಕಾಗದದ ಸುಳಿಗಳಿದ್ದರೆ ಹಳೆಯ ಅಚ್ಚನ್ನು ಅಳಿಸಲಾಗಿದೆ. ಎಂಜಿನ್ ರೀಬಿಲ್ಡ್ ಮಾಡುವಾಗ ಮೇಲ್ಮೈಯನ್ನು ಪ್ರಾಮಾಣಿಕವಾಗಿ ಹೆರೆದಿರಲೂಬಹುದು, ಆದ್ದರಿಂದ ಮೋಸ ಎಂದು ಕೂಗಾಡುವ ಅಗತ್ಯವಿಲ್ಲ. ಆದರೆ ಆ ಮೇಲೆ ‘ನಂಬರ್ಸ್ ಮ್ಯಾಚಿಂಗ್’ (ಕಾರಿನೊಂದಿಗೇ ಬಂದ ಮೂಲ ಎಂಜಿನ್ ಇದು) ಎಂಬ ಮಾತಿಗೆ ಹಣ ಕೇಳುವ ಹಕ್ಕು ಮಾಲೀಕರಿಗೆ ಉಳಿಯುವುದಿಲ್ಲ. ಇಲ್ಲಿ ಕಾಗದಪತ್ರಗಳ ತೂಕ ದೊಡ್ಡದು. ಪಾಂಟಿಯಾಕ್ ಜಿಟಿಒ ಆಗಿದ್ದರೆ ಪಿಎಚ್‌ಎಸ್ (ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್) ಸಂಸ್ಥೆಯಿಂದ ಕಾರ್ಖಾನೆಯ ದಾಖಲೆ ತರಿಸಬಹುದು, 1967ರಿಂದೀಚಿನ ಫೋರ್ಡ್‌ಗೆ ಮಾರ್ಟಿ ರಿಪೋರ್ಟ್ ಎಂಬ ಅಂಥದೇ ದಾಖಲೆ ಸಿಗುತ್ತದೆ. ಅಮೆರಿಕದಲ್ಲೇ ಮಾರಾಟವಾದ ಶೆವರ್ಲೆಗೆ ಆ ಅನುಕೂಲವಿಲ್ಲ. ಹಾಗಾಗಿ ಮೊದಲ ಮಾಲೀಕರಿಗೆ ಕೊಟ್ಟ ಪ್ರೊಟೆಕ್ಟ್-ಒ-ಪ್ಲೇಟ್ ಎಂಬ, ಕಾರಿನ ವಿವರ ಅಚ್ಚಾದ ಲೋಹದ ಬಿಲ್ಲೆ ಅಥವಾ ಸೀಟಿನ ಸ್ಪ್ರಿಂಗುಗಳ ನಡುವೆ ಸಿಕ್ಕಿಕೊಂಡಿದ್ದ ಬಿಲ್ಡ್ ಶೀಟ್ (ಕಾರಿಗೆ ಏನೇನು ಜೋಡಿಸಬೇಕೆಂಬ ಕಾರ್ಖಾನೆಯ ಪಟ್ಟಿ) ಇದ್ದರೆ ನಾನು ಹೊಸ ಬಣ್ಣಕ್ಕಿಂತ ಅದಕ್ಕೇ ಹೆಚ್ಚು ಬೆಲೆ ಕಟ್ಟುತ್ತೇನೆ.

ಇನ್ನು ಖರ್ಚಿನ ಮಾತು. ಬಾಡಿಯನ್ನು ಬರಿ ತಗಡಿಗೆ ಇಳಿಸಿ ಮಾಡಿದ ಪೂರ್ಣ ರೆಸ್ಟೊರೇಶನ್ನಿಗೆ ಸಾವಿರ ಗಂಟೆಗಳ ಕೂಲಿ ಹಿಡಿಯುವುದು ಅತಿಶಯವಲ್ಲ; ಗಂಟೆಗೆ 100 ಡಾಲರ್ ಹಿಡಿದರೂ ಬಿಡಿಭಾಗಗಳನ್ನು ಬಿಟ್ಟು ಒಂದು ಲಕ್ಷವಾಗುತ್ತದೆ. ಆದ್ದರಿಂದ ದೊಡ್ಡ ಮೊತ್ತ ಕೇಳಿದ ಕೂಡಲೇ ಸುಳ್ಳೆನ್ನಬೇಡಿ, ಆ ಗಂಟೆಗಳನ್ನು ಕಾರಿನಲ್ಲಿ ಹುಡುಕಿ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಮಿಶಿಗನ್, ಒಹಾಯೊಗಳಲ್ಲಿ ಓಡಿದ ಕಾರು ಎಲ್ಲೆಲ್ಲಿ ತುಕ್ಕು ಹಿಡಿಯುತ್ತದೆಂಬುದು ಗೊತ್ತಿರುವ ವಿಷಯ: ಹಿಂಗಾಜಿನ ಕೆಳಮೂಲೆಗಳು, ಡಿಕ್ಕಿಯ ತಳ, ಮುಂಗಾಜಿನ ಕೆಳಗಿನ ಕೌಲ್ ಎಂಬ ತಗಡು, ಹಿಂಚಕ್ರಗಳ ಹಿಂದಿನ ಕೆಳಭಾಗ. ಬಣ್ಣದ ದಪ್ಪ ಅಳೆಯುವ ಪೇಂಟ್ ಗೇಜನ್ನು ಅಲ್ಲಿ ಇಟ್ಟು ನೋಡಿ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಇರುತ್ತದೆ, ಚೆನ್ನಾಗಿ ಮಾಡಿದ ಹೊಸ ಬಣ್ಣ ಅದರ ಎರಡರಷ್ಟಾದರೂ ತಪ್ಪಲ್ಲ. ಬಾಗಿಲಿನ ಮೇಲೆ 250 ತೋರಿಸಿದ ಗೇಜು ಹಿಂಚಕ್ರದ ಹಿಂದೆ 1,000 ದಾಟಿದರೆ ಅಲ್ಲಿರುವುದು ನಮ್ಮ ಗ್ಯಾರೇಜುಗಳಲ್ಲಿ ಪುಟ್ಟಿ ಎನ್ನುವ ವಸ್ತು. ಮೇಲೆ ಥಳಕು, ಒಳಗೆ ಹುಳುಕು. ಡಿಕ್ಕಿಯ ಮ್ಯಾಟ್ ಎತ್ತಿ ಹಿಂಬದಿಯ ತಗಡನ್ನು ಒಳಗಿನಿಂದ ನೋಡಿದರೆ, ಇಡೀ ತಗಡನ್ನು ಬದಲಿಸಿದ್ದಾರೆಯೇ ಅಥವಾ ಅರ್ಧಕ್ಕೆ ಕತ್ತರಿಸಿ ತೇಪೆ ಹಾಕಿದ್ದಾರೆಯೇ ಎಂಬುದನ್ನು ವೆಲ್ಡಿಂಗ್ ಗೆರೆಯೇ ಹೇಳುತ್ತದೆ.

ರಸೀದಿಗಳನ್ನು ಕೂಡಿಸುವ ಮೊದಲು ಓದಿ. ನಾನೊಮ್ಮೆ ನೋಡಿದ ದಪ್ಪ ಫೈಲಿನಲ್ಲಿ ಪೇಂಟಿಂಗ್ ಬಿಲ್ಲು ಎರಡಿದ್ದವು, ಏಕೆಂದರೆ ಮೊದಲ ಬಣ್ಣ ವರ್ಷದೊಳಗೇ ಎದ್ದುಬಂದಿತ್ತು. ಮಾಲೀಕರು ಎರಡನ್ನೂ ‘ಕಾರಿನಲ್ಲಿರುವ ಹಣ’ ಎಂದೇ ಎಣಿಸಿದ್ದರು. ಕಿತ್ತುಹಾಕಿದ ಚಕ್ರಗಳು, ಕೊಂಡ ಉಪಕರಣಗಳು, ಗೋದಾಮಿನ ಬಾಡಿಗೆ ಇವೆಲ್ಲ ಮಾಲೀಕರ ಖರ್ಚು ನಿಜ, ಕಾರಿನಲ್ಲಿ ಉಳಿದದ್ದಲ್ಲ. ಕೂಲಿ ಮತ್ತು ಬಿಡಿಭಾಗಗಳನ್ನು ಬೇರ್ಪಡಿಸಿದ, ದಿನಾಂಕವಿರುವ ಬಿಲ್ಲುಗಳ ಜೊತೆಗೆ ಬರಿ ತಗಡಿನ ಹಂತದ ಫೋಟೋಗಳೂ ಇದ್ದರೆ ಮಾತ್ರ ಲೆಕ್ಕಕ್ಕೆ ಹಿಡಿಯಬಹುದು.

ಮೂರನೆಯ ಪ್ರಶ್ನೆಯಲ್ಲಿ ಮಾಲೀಕರಿಗೆ ಬೇಸರವಾಗುವುದು ಖಚಿತ. ಆರು ಸಿಲಿಂಡರಿನ ಕಮಾರೊದ ಟಿಂಕರಿಂಗ್, ಬಣ್ಣ, ಸೀಟುಗಳಿಗೆ ಹಿಡಿಯುವ ಕೂಲಿ ಝಡ್/28ಕ್ಕೆ ಹಿಡಿಯುವಷ್ಟೇ. ಆದರೆ ಮಾರುಕಟ್ಟೆ ಎರಡಕ್ಕೂ ಒಂದೇ ಬೆಲೆ ಕೊಡುವುದಿಲ್ಲ. ಹಳೆಯ ಕಾರುಗಳ ವಿಮೆ ಮಾಡುವ ಅಮೆರಿಕದ ಹ್ಯಾಗರ್ಟಿ ಕಂಪನಿಯ ಬೆಲೆ ಕೈಪಿಡಿ ಕಾರುಗಳನ್ನು ಸ್ಥಿತಿಗೆ ತಕ್ಕಂತೆ 1ರಿಂದ (ಅತ್ಯುತ್ತಮ) 4ರವರೆಗೆ ವಿಂಗಡಿಸುತ್ತದೆ. ರಸ್ತೆಯ ಮೇಲೆ ಓಡಾಡುವ ಹೆಚ್ಚಿನ ರೆಸ್ಟೋರ್ ಆದ ಕಾರುಗಳನ್ನು 2 ಅಥವಾ 3ರಲ್ಲಿ ಇಡುವುದೇ ನ್ಯಾಯ. ಹೋಲಿಸುವುದಾದರೆ ಕೇಳಿದ ಬೆಲೆಯನ್ನಲ್ಲ, ಮಾರಾಟವಾದ ಬೆಲೆಯನ್ನು ಹೋಲಿಸಿ, ಮತ್ತು ಹರಾಜಿನ ಅಂಕಿಯಲ್ಲಿ ಕೊಳ್ಳುವವರು ಮೇಲೆ ತೆರುವ ಕಮಿಷನ್ ಸೇರಿದೆಯೇ ಎಂದು ಗಮನಿಸಿ. ದೊಡ್ಡ ಹರಾಜುಗಳಲ್ಲಿ ಅದೇ ಶೇ. 10ರ ಆಸುಪಾಸಿನಲ್ಲಿರುತ್ತದೆ.

ಆಲ್ಟರ್ನೇಟರನ್ನು ಸ್ವಲ್ಪ ಸರಿಸಿ ಆ ಎರಡು ಬೆರಳಗಲದ ಜಾಗ ತೋರಿಸಲು ಮಾಲೀಕರು ಒಪ್ಪದಿದ್ದರೆ ಜಗಳವಾಡಬೇಡಿ. ಮೂಲ ಎಂಜಿನ್ ಇಲ್ಲದ ಕಾರಿನ ಬೆಲೆ ಹೇಳಿ ಸುಮ್ಮನಾಗಿ. ಒಪ್ಪಿದರೆ ಅಚ್ಚಿನ ಫೋಟೋ ತೆಗೆದುಕೊಂಡು, ಅದರಲ್ಲಿರುವ ಅಕ್ಷರ ಮತ್ತು ಅಂಕಿಗಳನ್ನು ಮಾರಾಟದ ಕರಾರಿನಲ್ಲಿಯೇ ಬರೆಸಿಕೊಳ್ಳಿ.