ವಿಶೇಷ ಅಗತ್ಯದ ಮಗುವಿನ ಜೊತೆ ಅಮೆರಿಕಕ್ಕೆ ಹೊರಟ ಮಲೆನಾಡಿನವರಿಗೆ

ಅಮೆರಿಕದಿಂದ ರಜೆಗೆ ತೀರ್ಥಹಳ್ಳಿಗೆ ಬಂದಿದ್ದೇನೆ. ಆಷಾಢದ ಮಳೆ ಬಿಟ್ಟೂಬಿಡದೆ ಹೊಡೆಯುತ್ತಿದೆ. ಪಕ್ಕದ ಮನೆಯ ಹುಡುಗಿ ಬರುವ ತಿಂಗಳು ಗಂಡ, ಐದು ವರ್ಷದ ಮಗಳ ಜೊತೆ ಅಮೆರಿಕಕ್ಕೆ ಹೊರಟಿದ್ದಾಳೆ. ನನ್ನ ಮಗನ ಹಾಗೆ ಆ ಮಗುವಿಗೂ ಆಟಿಸಂ. "ಅಕ್ಕಾ, ಅಲ್ಲಿ ಶಾಲೆಗೆ ಸೇರಿಸಿಕೊಳ್ತಾರಾ?" ಅಂತ ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸೇರಿಸಿಕೊಳ್ಳಲೇಬೇಕು. ಅಂಗವೈಕಲ್ಯವಿರುವ ಮಕ್ಕಳ ಶಿಕ್ಷಣಕ್ಕೆಂದು ಅಲ್ಲಿ 1975ರಲ್ಲಿ ಬಂದ ಕಾನೂನಿಗೆ ಈಗ ಐಡಿಇಎ ಎಂದು ಹೆಸರು. ಮೂರು ವರ್ಷ ತುಂಬಿದ ಮೇಲೆ ಸರ್ಕಾರಿ ಶಾಲೆಯಲ್ಲಿ ಇಂಥ ಮಕ್ಕಳಿಗೆ ಪಾಠವೂ ಉಚಿತ, ಅಗತ್ಯವಿದ್ದರೆ ಸ್ಪೀಚ್ ಥೆರಪಿ, ಬಸ್ಸು ಕೂಡ ಉಚಿತ.

ಹೊರಡುವ ಮುಂಚೆ ಕಾಗದಪತ್ರ ಒಟ್ಟು ಮಾಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ ಪಡೆದ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಅಲ್ಲಿ ನಡೆಯುವುದಿಲ್ಲ, ಆದರೆ ವೈದ್ಯರ ವರದಿ, ಥೆರಪಿಸ್ಟ್ ಬರೆದ ಟಿಪ್ಪಣಿ ತುಂಬಾ ಉಪಯೋಗಕ್ಕೆ ಬರುತ್ತವೆ. ಲಸಿಕೆ ಹಾಕಿಸಿದ ದಿನಾಂಕಗಳಿರುವ ತಾಯಿ ಕಾರ್ಡ್ ಮರೆಯಬೇಡಿ. ಎಲ್ಲವನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ ಕೈಚೀಲದಲ್ಲೇ ಇಟ್ಟುಕೊಳ್ಳಿ. ನಮ್ಮ ಮಳೆಗಾಲದಲ್ಲಿ ಬೀರುವಿನೊಳಗಿನ ಕಾಗದಕ್ಕೂ ಬೂಷ್ಟು ಹಿಡಿಯುತ್ತದೆ.

ಅಲ್ಲಿ ಆಗಸ್ಟ್ ಇಲ್ಲವೇ ಸೆಪ್ಟೆಂಬರಿನಲ್ಲಿ ಶಾಲೆ ಶುರು. ದಾಖಲಾತಿಯ ದಿನವೇ "ನನ್ನ ಮಗುವಿಗೆ ವಿಶೇಷ ಶಿಕ್ಷಣದ ಮೌಲ್ಯಮಾಪನ ಆಗಬೇಕು" ಎಂದು ಪತ್ರ ಬರೆದು ಕೊಡಿ. ಬಾಯಲ್ಲಿ ಹೇಳಿದರೆ ಸಾಲದು, ಅದಕ್ಕೆ ದಾಖಲೆ ಇರುವುದಿಲ್ಲ. ನಾನು ಹೇಳಿ ಬಂದೆ, ಎರಡು ತಿಂಗಳು ಸುಮ್ಮನೆ ಕಳೆಯಿತು. ನೀವು ಒಪ್ಪಿಗೆ ಸಹಿ ಹಾಕಿದ ಮೇಲೆ 60 ದಿನದೊಳಗೆ ಮೌಲ್ಯಮಾಪನ ಮುಗಿಯಬೇಕು ಅನ್ನುವುದು ಅಲ್ಲಿನ ಕೇಂದ್ರ ಸರ್ಕಾರದ ನಿಯಮ. ರಾಜ್ಯಕ್ಕೆ ಬೇರೆ ಗಡುವು ಇದ್ದರೆ ಅದೇ ಅನ್ವಯ. ಮನೆಭಾಷೆ ಎಂಬಲ್ಲಿ ಕನ್ನಡ ಅಂತಲೇ ಬರೆಯಿರಿ. ಇಂಗ್ಲಿಷ್ ಬಾರದ್ದನ್ನೇ ನ್ಯೂನತೆ ಎಂದು ಎಣಿಸುವಂತಿಲ್ಲ.

ಆಮೇಲೆ ಐಇಪಿ, ಅಂದರೆ ಆ ಮಗುವಿಗೆಂದೇ ಮಾಡುವ ಕಲಿಕೆಯ ಯೋಜನೆಯ ಸಭೆ. ಮಗುವಿಗೆ ವರ್ಷವಿಡೀ ಏನು ಕಲಿಸಬೇಕು, ಯಾವ ಸಹಾಯ ವಾರಕ್ಕೆ ಎಷ್ಟು ನಿಮಿಷ ಎಂಬುದೆಲ್ಲ ಅಲ್ಲಿ ಬರಹಕ್ಕೆ ಇಳಿಯುತ್ತದೆ. ಮೇಷ್ಟ್ರ ಎದುರು ಬಾಯಿ ಬಿಡಬಾರದು ಅಂತ ಬೆಳೆದವರು ನಾವು. ಮೊದಲ ಸಭೆಯಲ್ಲಿ ಐದಾರು ಜನ ಕೂತಿದ್ದರು, ನಾನು ತಲೆಯಾಡಿಸಿ ಸಹಿ ಹಾಕಿ ಎದ್ದುಬಂದೆ. ದಯವಿಟ್ಟು ನೀವು ಹಾಗೆ ಮಾಡಬೇಡಿ. ತಂದೆತಾಯಿ ಆ ತಂಡದ ಸದಸ್ಯರು, ಕಾನೂನೇ ಹಾಗೆ ಹೇಳುತ್ತದೆ. ದುಭಾಷಿ ಬೇಕೆಂದು ಮೊದಲೇ ಕೇಳಿ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಅರ್ಥವಾಗದಿದ್ದರೆ "ಮನೆಗೆ ಒಯ್ದು ಓದಿ ಹೇಳುತ್ತೇನೆ" ಎನ್ನಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೂ ಪರವಾಗಿಲ್ಲ, ಮಗು ನಮ್ಮದು.

ಶಾಲೆ ಶುರುವಾಗುವ ಮುಂಚಿನ ವಾರ ಟೀಚರನ್ನು ಕೇಳಿ ಮಗುವಿಗೆ ಕ್ಲಾಸು, ಊಟದ ಕೋಣೆ, ಟಾಯ್ಲೆಟ್ ತೋರಿಸಿ ಬನ್ನಿ. ಬೆಂಕಿಯ ಅಣಕು ಕವಾಯತಿನ ಗಂಟೆ ಭಯಂಕರ ಜೋರು. ಅದರ ದಿನ ಮುಂಚೆಯೇ ತಿಳಿಸಬೇಕೆಂದು ಐಇಪಿಯಲ್ಲೇ ಬರೆಸಿ. ಹಂಚಿನ ಮೇಲೆ ಸುರಿಯುವ ಮಳೆಯಲ್ಲಿ ನಿದ್ದೆ ಹೋಗುವ ನನ್ನ ಮಗ ಆ ಗಂಟೆಗೆ ಮೇಜಿನಡಿ ಹೊಕ್ಕಿದ್ದ.

ಕೊನೆಯದಾಗಿ, ಒಂದು ಹಾಳೆಯಲ್ಲಿ ಮಗು ಆಡುವ ಕನ್ನಡದ ಮಾತುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಅರ್ಥದ ಸಮೇತ ಬರೆದು ಟೀಚರಿಗೆ ಕೊಡಿ. ಮೊದಲ ದಿನ ಊಟದ ಕೋಣೆಯ ಗದ್ದಲಕ್ಕೆ ಮಗ ಕಿವಿ ಮುಚ್ಚಿಕೊಂಡು "ಸಾಕು, ಸಾಕು" ಎಂದು ಕೂಗಿದ್ದ. ಟೀಚರಿಗೆ ಅದು ಸಾಕ್ಸ್ ಅಂತ ಕೇಳಿಸಿತು. ಪಾಪ, ಮೊಣಕಾಲೂರಿ ಕೂತು ಶೂ ಬಿಚ್ಚಿ, ಒಳಗೆ ಕಲ್ಲು ಸಿಕ್ಕಿದೆಯೇನೋ ಎಂದು ಹುಡುಕಿದರಂತೆ. ಅವನಿಗೆ ಬೇಕಾಗಿದ್ದದ್ದು ಹೊರಗೆ ಹೋಗುವುದು.

ಪಕ್ಕದ ಮನೆಯ ಮಗುವಿಗೆ ಬರುವ ಮಾತು ಒಂಬತ್ತು. ನಿನ್ನೆ ಸಂಜೆ ಕರೆಂಟ್ ಹೋದಾಗ ಅದರ ಅಮ್ಮನೂ ನಾನೂ ಜಗುಲಿಯಲ್ಲಿ ಕೂತು ಒಂಬತ್ತನ್ನೂ ಬರೆದೆವು.