ಎರೆಮಣ್ಣಿಗೆ ತಾಳುವ ವಾಚ್

ಧಾರವಾಡದಲ್ಲಿ ಬೆಳಗ್ಗೆ ಓಡುವವರು, ಭಾನುವಾರ ಸೈಕಲ್ ಹೊಡೆಯುವವರು ಒಂದೆಡೆ ಸೇರಿದರೆ, ಚಹಾ ಬರುವಷ್ಟರಲ್ಲಿ ಮಾತು ವಾಚಿಗೆ ಬಂದು ನಿಲ್ಲುತ್ತದೆ. ನಾನು ಸುಮಾರು ವರ್ಷಗಳಿಂದ ಗಟ್ಟಿಮುಟ್ಟು ಸ್ಮಾರ್ಟ್‌ವಾಚ್ ಕಟ್ಟಿಕೊಂಡೇ ಓಡುತ್ತಿದ್ದೇನೆ, ಕಪ್ಪತಗುಡ್ಡ ಹತ್ತಿದ್ದೇನೆ. ಹಾಗಾಗಿ ಕೇಳುವವರೂ ಜಾಸ್ತಿ. "ಸರ, ಗಟ್ಟಿ ಇರೋದು ಯಾವ್ದು ತಗೊಳ್ಳಿ?" ನಾನು ತಿರುಗಿ ಕೇಳೋದು ಇಷ್ಟೇ: "ಬಿದ್ರ ಒಡೀಬಾರದೋ, ಕೈ ರಾಡಿ ಆದಾಗೂ ಕೆಲ್ಸಾ ಮಾಡ್ಬೇಕೋ?"

ಎರಡೂ ಬೇರೆ ಬೇರೆ. ಕಂಪನಿಗಳು ಮಾತಾಡುವುದು ಹೆಚ್ಚಾಗಿ ಮೊದಲನೆಯದರ ಬಗ್ಗೆ. ಡಬ್ಬಿ ಮೇಲೆ ಮಿಲಿಟರಿ ಗ್ರೇಡ್, ಮಿಲ್-ಎಸ್‌ಟಿಡಿ-810 ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಅದು ಅಮೆರಿಕದ ರಕ್ಷಣಾ ಇಲಾಖೆಯ ಪರೀಕ್ಷೆಗಳ ಕೈಪಿಡಿ. ಬಿಸಿ, ಚಳಿ, ಧೂಳು, ಉಪ್ಪಿನ ಗಾಳಿ, ಏಟು, ಅದುರುವಿಕೆ ಹೀಗೆ ಅದರಲ್ಲಿ ಬೇಕಾದಷ್ಟು ಪರೀಕ್ಷೆಗಳಿವೆ. ಅವುಗಳಲ್ಲಿ ಯಾವುದನ್ನು ಮಾಡಬೇಕು ಅನ್ನೋದನ್ನು ಕಂಪನಿಯೇ ಆರಿಸಿಕೊಳ್ಳುತ್ತದೆ. ಪಾಸಾಯಿತು ಅಂತ ಮುದ್ರೆ ಒತ್ತುವ ಆಫೀಸು ಯಾವುದೂ ಇಲ್ಲ. ಅದಕ್ಕೇ ಯಾವ ಯಾವ ಪರೀಕ್ಷೆ ಮಾಡಿದ್ದಾರೆ ಅಂತ ಬರೆದಿದ್ದರೆ ಮಾತ್ರ ನಾನು ಆ ಸಾಲನ್ನು ಲೆಕ್ಕಕ್ಕೆ ತಗೊಳ್ಳುತ್ತೇನೆ.

ಗಟ್ಟಿ ವಾಚ್ ಅಂದರೆ ನೆನಪಾಗುವ ಕ್ಯಾಸಿಯೋ ಜಿ-ಶಾಕ್ 1983ರಲ್ಲಿ ಬಂತು. ಅದನ್ನು ಮಾಡಿದ ಕಿಕುವೊ ಇಬೆ ಇಟ್ಟುಕೊಂಡಿದ್ದ ಗುರಿ ಮೂರು ಹತ್ತು: 10 ಮೀಟರ್ ಎತ್ತರದಿಂದ ಬಿದ್ದರೂ ಒಡೆಯಬಾರದು, 10 ಬಾರ್ ನೀರಿನ ಒತ್ತಡ ತಡೆಯಬೇಕು, ಬ್ಯಾಟರಿ 10 ವರ್ಷ ಬಾಳಬೇಕು. ಇವತ್ತಿನ ಸ್ಮಾರ್ಟ್‌ವಾಚ್ ಮುಂದೆ ಮೂರನೇ ಹತ್ತರ ಮಾತು ಎತ್ತಿದರೆ ನಗು ಬರುತ್ತದೆ, ಬಿಡಿ.

ನನ್ನ ಅನುಭವದಲ್ಲಿ ಮೊದಲು ಕೈಕೊಡೋದು ಟಚ್ ಸ್ಕ್ರೀನ್. ನವಲಗುಂದದ ಕಡೆ ಎರೆಹೊಲದ ದಾರಿಯಲ್ಲಿ ಮಳೆ ಹನಿದ ಮೇಲೆ ಸೈಕಲ್ ತಗೊಂಡು ಹೋಗಿ ನೋಡಿ. ಹತ್ತು ಹೆಜ್ಜೆಗೆ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಮೆತ್ತಿಕೊಂಡು ಗಾಲಿ ತಿರುಗುವುದೇ ನಿಲ್ಲುತ್ತದೆ. ಇಳಿದು ಕಡ್ಡಿಯಿಂದ ಕೆರೆಯಬೇಕು. ಬೆರಳೆಲ್ಲಾ ಕರ್ರಗಿನ ಜಿಗುಟು. ಆಗ ವಾಚ್ ನಿಲ್ಲಿಸೋಣ ಅಂತ ಸ್ಕ್ರೀನ್ ಮುಟ್ಟಿದರೆ ಅದಕ್ಕೆ ಬೆರಳು ಯಾವುದು, ನೀರ ಹನಿ ಯಾವುದು ಗೊತ್ತಾಗೋದಿಲ್ಲ. ತಾನಾಗಿಯೇ ಪುಟ ಹಾರುತ್ತದೆ, ಇಲ್ಲವೇ ಅಲ್ಲಾಡೋದೇ ಇಲ್ಲ. ಅದಕ್ಕೆ ನನ್ನದು ಒಂದೇ ಹಟ: ಶುರು ಮಾಡೋದು, ನಿಲ್ಲಿಸೋದು, ಪುಟ ಬದಲಿಸೋದು ಎಲ್ಲಾ ಬಟನ್‌ನಲ್ಲೇ ಆಗಬೇಕು. ಅಂಗಡಿಯಲ್ಲಿ ಬೆರಳು ಒದ್ದೆ ಮಾಡಿಕೊಂಡು ಒತ್ತಿ ನೋಡಿ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಮನೆಗೆ ಬಂದ ಮೇಲೆ ಬಟನ್ ಸಂದಿಯ ಮಣ್ಣನ್ನು ಸಿಹಿನೀರಲ್ಲಿ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ತೆಗೆಯಬೇಕು. ಪಿನ್ನು, ಸೂಜಿ ಹಾಕಬಾರದು. ಅಲ್ಲೇ ಪಕ್ಕದಲ್ಲಿ ಗಾಳಿಯ ಒತ್ತಡ ಅಳೆಯುವ ಸೆನ್ಸರಿನ ತೂತು ಇರುತ್ತದೆ.

ಆ ತೂತೇ ನಿಮಗೆ ಎತ್ತರ ಹೇಳೋದು. ನಮ್ಮ ಎತ್ತರದಲ್ಲಿ ಎಂಟೊಂಬತ್ತು ಮೀಟರ್ ಮೇಲೇರಿದರೆ ಗಾಳಿಯ ಒತ್ತಡ ಸುಮಾರು ಒಂದು ಹೆಕ್ಟೊಪಾಸ್ಕಲ್ ಇಳಿಯುತ್ತದೆ, ಅದರ ಮೇಲೆ ಲೆಕ್ಕ. ತೂತಿಗೆ ಮಣ್ಣು, ಬೆವರಿನ ಉಪ್ಪು ಕಟ್ಟಿದರೆ ಸಪಾಟು ರಸ್ತೆಯಲ್ಲೂ ಗುಡ್ಡ ಹತ್ತಿದ ಹಾಗೆ ತೋರಿಸುತ್ತದೆ. ಮೇ ತಿಂಗಳ ಅಡ್ಡಮಳೆ ಬರುವ ಮುಂಚೆ ಒತ್ತಡ ಇಳಿದಾಗಲೂ ಅಷ್ಟೇ, ನೀವು ಕೂತಲ್ಲೇ ಕೂತು ಇಪ್ಪತ್ತು ಮೀಟರ್ ಏರಿರುತ್ತೀರಿ! ಸರಿಮಾಡೋಕೆ ನನಗೆ ಸಿಕ್ಕ ಸುಲಭದ ದಾರಿ ರೈಲ್ವೆ ಸ್ಟೇಷನ್. ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಊರಿನ ಹೆಸರಿನ ಹಳದಿ ಬೋರ್ಡ್ ಇರುತ್ತಲ್ಲ, ಅದರ ಕೆಳಗೆ ಸಮುದ್ರಮಟ್ಟದಿಂದ ಎಷ್ಟು ಎತ್ತರ ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಅಲ್ಲಿ ನಿಂತು ಆ ಸಂಖ್ಯೆಯನ್ನು ವಾಚಿಗೆ ಹಾಕಿದರೆ ಮುಗಿಯಿತು. ಗದಗಕ್ಕೆ ರೈಲಿನಲ್ಲಿ ಹೋಗಿ ಕಪ್ಪತಗುಡ್ಡ ಹತ್ತುವುದಾದರೆ ಗದಗ ಸ್ಟೇಷನ್ನಿನಲ್ಲೇ ಈ ಕೆಲಸ ಮಾಡಿಬಿಡುತ್ತೇನೆ.

ದೂರದ ಅಳತೆಗೆ ಸ್ಟೇಷನ್ ಬೇಡ. ಹುಬ್ಬಳ್ಳಿಯ 1,507 ಮೀಟರ್ ಪ್ಲಾಟ್‌ಫಾರ್ಮ್ ನೋಡಿ ಆಸೆ ಆಗುತ್ತದೆ, ಆದರೆ ಮೇಲೆ ಶೀಟು ಇದ್ದಲ್ಲಿ ಜಿಪಿಎಸ್ ಸಿಗ್ನಲ್ ಸರಿಯಾಗಿ ಬರೋದಿಲ್ಲ. ನಾನು ಹೋಗೋದು 400 ಮೀಟರ್ ಟ್ರ್ಯಾಕಿಗೆ. ಒಳಗಿನ ಮೊದಲ ಲೇನಿನಲ್ಲೇ ಹತ್ತು ಸುತ್ತು ಓಡಿದರೆ 4 ಕಿ.ಮೀ. ಆಗಬೇಕು. ಎರಡನೇ ಲೇನಿಗೆ ಸರಿದರೆ ಒಂದು ಸುತ್ತೇ ಸುಮಾರು 407 ಮೀಟರ್, ಅದನ್ನು ಮರೆತು ವಾಚನ್ನು ಬೈಯಬಾರದು. ಮೂಲೆ ತಿರುಗುವಾಗ ಜಿಪಿಎಸ್ ಹೇಗೂ ಸ್ವಲ್ಪ ತಪ್ಪುತ್ತದೆ. ನೂರಕ್ಕೆ ಒಂದೆರಡು ಮೀಟರ್ ಆಚೀಚೆ ಆದರೆ ನಾನು ತಲೆ ಕೆಡಿಸಿಕೊಳ್ಳೋದಿಲ್ಲ.

ದಾಂಡೇಲಿ ಕಡೆಯ ದಟ್ಟ ಕಾಡಿನಲ್ಲಿ ಮಾತ್ರ ಎರಡು ಬ್ಯಾಂಡಿನ ಜಿಪಿಎಸ್ ಇರುವ ವಾಚಿನ ಗೆರೆ ನೆಟ್ಟಗೆ ಬರುತ್ತದೆ. ಎಲ್1, ಎಲ್5 ಎಂಬ ಎರಡು ಬೇರೆ ತರಂಗಗಳಲ್ಲಿ ಉಪಗ್ರಹದ ಸಿಗ್ನಲ್ ಹಿಡಿಯುವುದರಿಂದ, ಮರಕ್ಕೋ ಬಂಡೆಗೋ ಬಡಿದು ಬಂದ ಸುಳ್ಳು ಸಿಗ್ನಲ್ಲನ್ನು ಅದು ಗುರುತಿಸಬಲ್ಲದು. ಬ್ಯಾಟರಿ ಮಾತ್ರ ಬೇಗ ಖಾಲಿ. ನಮ್ಮೂರ ಬಯಲಲ್ಲಿ ಅದು ಬೇಕಾಗಿಲ್ಲ, ನಾನು ಆಫ್ ಮಾಡಿಯೇ ಇಡುತ್ತೇನೆ.

ಕಪ್ಪತಗುಡ್ಡದಲ್ಲಿ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಬಂದ ದಾರಿಯನ್ನೇ ಹಿಂದಕ್ಕೆ ತೋರಿಸುವ ಸೌಲಭ್ಯ. ಗಾಳಿಗುಂಡಿ ಬಸವಣ್ಣನ ಕಡೆ ನಿಂತರೆ ಗುಡ್ಡದ ಸಾಲೆಲ್ಲ ಒಂದೇ ಥರ ಕಾಣುತ್ತದೆ. ಯಾವ ಗಾಳಿಯಂತ್ರದ ಪಕ್ಕದಿಂದ ಹತ್ತಿದ್ದು ಅಂತ ಹೇಳೋಕಾಗಲ್ಲ. ನಕಾಶೆಯನ್ನೂ ಮೊದಲೇ ವಾಚಿಗೆ ಇಳಿಸಿಕೊಂಡಿರಬೇಕು, ಗುಡ್ಡದಲ್ಲಿ ಫೋನಿನ ನೆಟ್‌ವರ್ಕ್ ನಂಬಿ ಕೂರುವಂತಿಲ್ಲ. ಅಂದಹಾಗೆ, 2019ರಿಂದ ಅದು ವನ್ಯಜೀವಿ ಧಾಮ. ಅರಣ್ಯ ಇಲಾಖೆಯವರನ್ನು ಕೇಳಿಯೇ ಹೋಗಿ.

ಬಿಸಿಲಿನ ಮಾತು ಬೇರೆಯೇ ಇದೆ. ಏಪ್ರಿಲ್ ಮಧ್ಯಾಹ್ನ ಗದಗ ರಸ್ತೆಯಲ್ಲಿ, ತನ್ನದೇ ಬೆಳಕಿನಲ್ಲಿ ಹೊಳೆಯುವ ಅಮೊಲೆಡ್ ಸ್ಕ್ರೀನ್ ನೋಡಲು ಕಣ್ಣು ಕಿರಿದು ಮಾಡಬೇಕು. ಹೊಸವು ಪರವಾಗಿಲ್ಲ, ಆದರೆ ಅಷ್ಟು ಬೆಳಕು ಉರಿಸಿದರೆ ಬ್ಯಾಟರಿ ಉಳಿಯೋದಿಲ್ಲ. ಎಂಐಪಿ ಅನ್ನೋ ಸ್ಕ್ರೀನ್ ಬಿಸಿಲನ್ನೇ ವಾಪಸ್ ಚಿಮ್ಮಿಸಿ ಕಾಣುತ್ತದೆ, ಬಿಸಿಲು ಏರಿದಷ್ಟೂ ಸ್ಪಷ್ಟ. ಬಣ್ಣ ಮಂಕು, ಮದುವೆಗೆ ಕಟ್ಟಿಕೊಂಡು ಹೋದರೆ ಯಾರೂ ತಿರುಗಿ ನೋಡೋದಿಲ್ಲ. ನನಗೆ ಅದೇ ಇಷ್ಟ. ಗಾಜು ಸಫೈರ್ ಆದರೆ ಇನ್ನೂ ಒಳ್ಳೆಯದು. ಧೂಳಿನಲ್ಲಿರುವ ಬೆಣಚುಕಲ್ಲಿನ ಹುಡಿ ಸಾಮಾನ್ಯ ಗಾಜಿಗಿಂತ ಗಡುಸು, ಹಾಗಾಗಿ ಗೀರು ಬೀಳುತ್ತದೆ. ಸಫೈರ್ ಆ ಹುಡಿಗಿಂತಲೂ ಗಡುಸು. ಆದರೆ ಜೋರು ಏಟಿಗೆ ಅದೂ ಬಿರಿಯಬಹುದು.

ನಾಡಿಯ ಲೆಕ್ಕಕ್ಕೆ ವಾಚಿನ ಹಿಂಬದಿಯಿಂದ ಮಣಿಕಟ್ಟಿಗೆ ಬೆಳಕು ಬಿಟ್ಟು ನಾಡಿ ಎಣಿಸುವ ಹಸಿರು ದೀಪವನ್ನು ನಾನು ಪೂರ್ತಿ ನಂಬೋದಿಲ್ಲ. ಓಡುವಾಗ ನಿಮಿಷಕ್ಕೆ 170 ಹೆಜ್ಜೆ ಬೀಳುತ್ತಿದ್ದರೆ ಕೆಲವೊಮ್ಮೆ ಅದು ಹೆಜ್ಜೆಯನ್ನೇ ನಾಡಿ ಅಂತ ಎಣಿಸುತ್ತದೆ. ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ ಬಿಗಿಯಾಗಿ ಕಟ್ಟಿದರೆ ವಾಸಿ. ಸರಿಯಾಗಿ ಬೇಕೇಬೇಕು ಅಂದ್ರೆ ಎದೆಗೆ ಕಟ್ಟುವ ಪಟ್ಟಿ ತಗೊಳ್ಳಿ.

ನೀರಿನ ಬಗ್ಗೆ ಒಂದೇ ಮಾತು. ವಾಚಿನ ಮೇಲೆ ಬರೆದಿರುವ 5 ಎಟಿಎಂ (ವಾತಾವರಣದ ಒತ್ತಡದ ಐದು ಪಟ್ಟು) ಅಂದರೆ 50 ಮೀಟರ್ ಆಳಕ್ಕೆ ಧುಮುಕಬಹುದು ಅಂತಲ್ಲ. ನಿಂತ ನೀರಿನ ಅಷ್ಟು ಒತ್ತಡ ತಡೆಯುತ್ತದೆ ಅಂತ ಅರ್ಥ. ಈಜಿಗೆ ಸಾಕು. ದೀಪಾವಳಿಯ ಎಣ್ಣೆ ಸ್ನಾನಕ್ಕೆ ಮಾತ್ರ ಬಿಚ್ಚಿಡಿ, ಬಿಸಿನೀರು, ಸೋಪು ಸೇರಿ ಒಳಗಿನ ರಬ್ಬರ್ ವಾಷರ್ ಹಾಳು ಮಾಡುತ್ತವೆ.

ಇಷ್ಟೆಲ್ಲಾ ನೋಡಿ ತಗೊಂಡವರೂ ಆಮೇಲೆ ಬಂದು ಹೇಳುವ ದೂರು ಒಂದಿದೆ. "ಸರ, ಅವ್ವ ಮೆಸೇಜ್ ಕಳಿಸಿದ್ರ ಬರೇ ಡಬ್ಬಿ ಡಬ್ಬಿ ಕಾಣ್ತಾವ್ರೀ." ಕನ್ನಡದ ಅಕ್ಷರ ವಾಚಿನೊಳಗೆ ಇಲ್ಲದಿದ್ದರೆ ಹಾಗೇ ಆಗೋದು. ಗುಡ್ಡದ ಮೇಲೆ ಇದ್ದಾಗ 'ಮಳಿ ಬರಾಕತ್ತೈತಿ, ಲಗೂ ಇಳೀರಿ' ಅಂತ ಕೆಳಗಿನಿಂದ ಯಾರೋ ಬರೆದರೆ ಅದು ಚೌಕಗಳ ಸಾಲಾಗಿ ಬಂದು ಏನು ಪ್ರಯೋಜನ? ಡಬ್ಬಿ ಮೇಲೆ ಇದನ್ನು ಯಾರೂ ಬರೆಯೋದಿಲ್ಲ. ನಾನು ಈಗ ಯಾರ ಜೊತೆ ಅಂಗಡಿಗೆ ಹೋದರೂ, ವಾಚನ್ನು ಅವರ ಫೋನಿಗೆ ಜೋಡಿಸಿ, ಪಕ್ಕದಲ್ಲೇ ನಿಂತು ಒತ್ತಕ್ಷರ ಇರುವ ಕನ್ನಡದ ಮೆಸೇಜ್ ಒಂದನ್ನು ಕಳಿಸುತ್ತೇನೆ. ಒತ್ತು ಬಿಡಿಬಿಡಿಯಾಗಿ ಬಂದರೂ ಓದಬಹುದು. ಡಬ್ಬಿ ಬಂದರೆ ಮುಂದಿನ ವಾಚ್ ತೋರಿಸಿ ಅನ್ನುತ್ತೇವೆ.